ಎಂಬತ್ತಮೂರನೆಯ ಮಟ್ಟ

ಕಾವಲಿ ಇನ್ನೂ ಪೂರ್ತಿ ಕಾದಿಲ್ಲ, ಎಣ್ಣೆ ಸವರಿದ ಸದ್ದೇ ಹೇಳುತ್ತದೆ, ಸೊಯ್ ಎಂದು ಮೆತ್ತಗೆ ಎಳೆಯುತ್ತಿದೆ, ಕಾದಿದ್ದರೆ ಚುರ್ ಎಂದು ತುಂಡಾಗಬೇಕಿತ್ತು, ಇಷ್ಟು ತಿಳಿಯಲು ಇಸಾಮು ತಲೆ ಎತ್ತಿ ನೋಡಬೇಕಾಗಿಲ್ಲ, ಈ ಎಂಟು ಸ್ಟೂಲುಗಳ ತಿಂಡಿ ಅಂಗಡಿಯಲ್ಲೇ ಕೂತು ಮಗ್ಗಿ ಬರೆದು ಬೆಳೆದವನು, ನಲವತ್ತೈದು ತುಂಬಿದರೂ ಕಿವಿ ಮರೆತಿಲ್ಲ — ಅಮ್ಮ ಕಾವಲಿಯ ಆಚೆ ನಿಂತು ಬಟ್ಟಲಲ್ಲಿ ಹಿಟ್ಟು, ಮೊಟ್ಟೆ, ಸಣ್ಣಗೆ ಕೊಚ್ಚಿದ ಕೋಸು ಎಲ್ಲ ಕಲಸುತ್ತಿದ್ದಾಳೆ, ಚಮಚ ಬಟ್ಟಲಿಗೆ ತಾಗುವ ಟಕಟಕ, ಮಧ್ಯಾಹ್ನದ ಗಿರಾಕಿಗಳು ಎದ್ದುಹೋಗಿ ಅಂಗಡಿ ಖಾಲಿ, ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ಮೂರಕ್ಕೆ ಫೋನು ಮಾಡುತ್ತೇನೆ ಅಂದಿದ್ದಾಳೆ. ಈ ಬೀದಿಯ ವರ್ತಕರ ಸಂಘದ ಅಧ್ಯಕ್ಷ ಕುರೊಕಾವಾ-ಸಾನ್‌ಗೆ ಫೋನು ಮಾಡಿ ಅಂಗಡಿ ಬಿಟ್ಟುಕೊಡುತ್ತೇನೆ ಎಂದು ಹೇಳಿಬಿಡುತ್ತಾಳೆ, ಜಾಗಕ್ಕೆ ಕಾದುಕೊಂಡಿರುವ ಮೊಬೈಲ್ ರಿಪೇರಿಯವನು ಸಂಜೆಯೊಳಗೆ ಅಳತೆ ತೆಗೆದುಕೊಂಡು ಹೋಗುತ್ತಾನೆ, ಅಷ್ಟೇ, ನಲವತ್ತೊಂದು ವರ್ಷ. ಮೂರರೊಳಗೆ ಹೇಳಬೇಕು. ಅದಕ್ಕೇ ಅರ್ಧ ದಿನ ರಜೆ ಹಾಕಿ ಒಸಾಕಾ ನಡುಪೇಟೆಯ ಉಮೆದಾದಲ್ಲಿರುವ ಆಫೀಸಿನಿಂದ ರೈಲು ಹಿಡಿದು ಬಂದದ್ದು, ರೈಲಿನಲ್ಲಿ ಮೂರು ಸಲ ಮಾತು ಜೋಡಿಸಿಕೊಂಡದ್ದು, ಆದರೆ ಬಾಗಿಲಿನ ಬಟ್ಟೆ ಸರಿಸಿ ಒಳಗೆ ಕಾಲಿಟ್ಟ ಕೂಡಲೆ ಏನೋ, ಕೆಲಸದ ದಿನ ಬಂದಿದೀಯ, ಕಂಪನಿ ಮುಳುಗಿತಾ ಅಂದಳು ಅಮ್ಮ, ಹಸಿವಾಯ್ತು ಅಂದ ಇವನು, ಉಮೆದಾದಲ್ಲಿ ಊಟಕ್ಕೆ ಬರ ಬಂದಿದ್ಯಾ, ಇಲ್ಲ ಹೆಂಡ್ತಿ ಆಚೆ ಹಾಕಿದ್ಲಾ, ಕೂತ್ಕೋ ಅಂದಳು, ಇವನು ಕೂತುಬಿಟ್ಟ, ಮಾತು ಅಲ್ಲೇ ಬಾಗಿಲ ಹೊರಗೆ ನಿಂತುಬಿಟ್ಟಿತು.

ಹೋಗಲಿ, ಊಟ ಮಾಡುತ್ತಾ ಹೇಳಬಹುದು, ಇಲ್ಲ, ತಿಂದ ಮೇಲೆ ಹೇಳುವುದು ಇನ್ನೂ ಕೆಟ್ಟದ್ದು — ಕಾವಲಿಯ ಪಕ್ಕದ ಮೂಲೆಯಲ್ಲಿ ಟೀವಿ, ಅದರ ಕೆಳಗೆ ವೀಡಿಯೊ ಆಟದ ಪೆಟ್ಟಿಗೆ, ಕಂಟ್ರೋಲರಿಗೆ ಜಿಡ್ಡು ಹತ್ತದ ಹಾಗೆ ಅಮ್ಮ ತೆಳು ಪ್ಲಾಸ್ಟಿಕ್ ಸುತ್ತಿದ್ದಾಳೆ, ಉಳಿದ ಕೋಸಿಗೆ ಸುತ್ತುವುದೂ ಅದನ್ನೇ. ಅವನು ಎರಡನೇ ಕ್ಲಾಸಿನಲ್ಲಿದ್ದಾಗ ಹಳೇ ಪೆಟ್ಟಿಗೆಗೂ ಹೀಗೇ ಸುತ್ತಿರುತ್ತಿತ್ತು. ಆಗ ಬೀದಿಯ ಎಲ್ಲ ಹುಡುಗರ ಮನೆಯಲ್ಲೂ ಇದೇ ಕಥೆ, ಹುಡುಗ ಸ್ಕೂಲಿಗೆ ಹೋದಮೇಲೆ ಅಮ್ಮಂದಿರು ಕೂತು ಆಟದೊಳಗಿನ ಅವನ ವೀರನನ್ನು ಬೆಳೆಸುತ್ತಿದ್ದರು, ಮುಂದಿನ ಊರಿಗೆ ಹೋಗುತ್ತಿರಲಿಲ್ಲ, ಕಥೆ ಮುಟ್ಟುತ್ತಿರಲಿಲ್ಲ, ಅದು ಮಗನದು, ಇವರದು ಬರೀ ಊರಾಚೆಯ ಹುಲ್ಲುಗಾವಲಲ್ಲಿ ಸುತ್ತು ಹಾಕುತ್ತಾ ಸಿಕ್ಕ ಕಪ್ಪೆ ಬಾವಲಿಗಳನ್ನು ಬಡಿದು ಮಟ್ಟ ಏರಿಸುವ ಕೂಲಿ. ಅಮ್ಮ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಸರಿಯಾಗಿ ಈ ಹೊತ್ತಿಗೆ, ಏಪ್ರನ್ ಬಿಚ್ಚದೆ ಈ ಸ್ಟೂಲಿನ ಮೇಲೇ ಕೂರುತ್ತಿದ್ದಳು. ಅವನು ಚೀಲ ಎಸೆದು ಓಡಿಬಂದರೆ ಎರಡು ಲೆವೆಲ್ ಏರಿಸಿಟ್ಟಿದೀನಿ, ಇವತ್ತು ಆ ಗುಹೆ ಆಗುತ್ತೆ ನೋಡು ಅನ್ನುತ್ತಿದ್ದಳು, ಆಗುತ್ತಿತ್ತು, ಆ ಸಂಜೆ ಗುಹೆಯ ರಾಕ್ಷಸ ಬೀಳುತ್ತಿದ್ದ, ತಾನೇ ಬೀಳಿಸಿದೆ ಅಂತ ಇವನು ಮರುದಿನ ಸ್ಕೂಲಿನಲ್ಲಿ ಹೇಳಿಕೊಳ್ಳುತ್ತಿದ್ದ. ಎಷ್ಟು ಆಟ ಹೀಗೆ, ಹತ್ತೋ ಹನ್ನೆರಡೋ, ಒಂದರ ಕೊನೆಯನ್ನೂ ಅಮ್ಮ ನೋಡಿಲ್ಲ, ಕೊನೆ ಬರುವ ಹೊತ್ತಿಗೆ ಸಂಜೆ, ಸಂಜೆ ಅಂದರೆ ಗಿರಾಕಿ, ಅವಳು ಕಾವಲಿಯ ಮುಂದೆ ಬೆನ್ನು ಹಾಕಿ ನಿಂತಿರುತ್ತಿದ್ದಳು, ಮುಗೀತಾ ಅಂತ ಅಲ್ಲಿಂದಲೇ ಕೇಳುತ್ತಿದ್ದಳು, ಮುಗೀತು ಅಂತ ಇವನು ಇಲ್ಲಿಂದಲೇ ಹೇಳುತ್ತಿದ್ದ.

ಈ ಸಲ ಕೊನೆ ನೋಡ್ತೀನಿ ಅಂದಿದ್ದಳು, ವಸಂತದಲ್ಲಿ ಅವನ ಕಂಪನಿಯ ಹೊಸ ಆಟ ಬಿಡುಗಡೆಯಾದಾಗ. ಆಟ ಮುಗಿದಮೇಲೆ ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತವಲ್ಲ, ಅದರಲ್ಲಿ ಇವನ ಹೆಸರು ಮೊದಲ ಸಲ ದೊಡ್ಡದಾಗಿ ಒಂದೇ ಸಾಲಿನಲ್ಲಿ ಬರುತ್ತದೆ, ಕಾಳಗದ ವಿಭಾಗದ ಮುಖ್ಯಸ್ಥ, ನಿನ್ನ ಹೆಸರು ಬರೋದನ್ನ ನಾನೇ ಆಡಿ ತರಿಸ್ಕೋತೀನಿ, ಫೋನಲ್ಲಿ ಫೋಟೋ ಕಳಿಸ್ಬೇಡ ಅಂದಿದ್ದಳು. ಎಪ್ಪತ್ತಮೂರು ವರ್ಷಕ್ಕೆ. ಹೇಳಿದ ಹಾಗೇ ಒಂದೊಂದೇ ಊರು ದಾಟಿ ಮೇ ತಿಂಗಳಿಗೆಲ್ಲ ಕೊನೆಯ ಕೋಟೆಯ ಸೇತುವೆಗೆ ಬಂದು ನಿಂತಳು, ಸೇತುವೆಯ ಮೇಲೆ ಮೂವರು ಕಾವಲುಗಾರರು, ಅವರ ಕತ್ತಿ ಮಿನುಗಿದ ಕ್ಷಣಕ್ಕೆ ಗುಂಡಿ ಒತ್ತಿದರೆ ಏಟು ತಪ್ಪುತ್ತದೆ, ತಡವಾದರೆ ಬೀಳುತ್ತದೆ. ಮೊದಲ ಸಲ ಕೂದಲೆಳೆಯಲ್ಲಿ ಸೋತಳು. ಅವತ್ತೇ ಇನ್ನೆರಡು ಸಲ ಹೋಗಿದ್ದರೆ ದಾಟುತ್ತಿದ್ದಳು, ಈಗ ಯೋಚಿಸಿದರೆ ಖಂಡಿತ ದಾಟುತ್ತಿದ್ದಳು, ಆದರೆ ಕೆಲಸ ಮಾಡಿ ಬದುಕಿದ ಹೆಂಗಸು, ಸೋತರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರುವುದು ಒಂದೇ, ಹಿಂದಕ್ಕೆ ಹೋಗಿ ಹುಲ್ಲುಗಾವಲಲ್ಲಿ ಸುತ್ತು ಹಾಕಿ ಇನ್ನಷ್ಟು ಗಟ್ಟಿಯಾಗಿ ಬರುವುದು.

ಮತ್ತೆ ಆ ಮೀಟಿಂಗ್, ಆಟ ಇನ್ನೂ ತಯಾರಾಗುತ್ತಿದ್ದಾಗಿನದು, ಬೇಡವೆಂದರೂ ನೆನಪಿಗೆ ಬರುತ್ತದೆ — ಉದ್ದ ಮೇಜು, ತಣ್ಣಗಾದ ಹಸಿರು ಚಹಾ, ನಿರ್ದೇಶಕ ಕುರಾಮೊತೊ-ಸಾನ್ ಹಲಗೆಯ ಮೇಲೆ ಒಂದು ಗೆರೆ ಎಳೆದು ಅದು ಕೊನೆಗೆ ಜಾರುವುದನ್ನು ತೋರಿಸುತ್ತಿದ್ದರು, ಹಿಂದಿನ ಆಟ ಕೊಂಡ ನೂರರಲ್ಲಿ ಮೂವತ್ತೊಂದು ಜನ ಮಾತ್ರ ಕೊನೆ ನೋಡಿದ್ದಾರೆ, ನದಿ ದಂಡೆಗೆ ಬಾಣಬಿರುಸು ನೋಡೋಕೆ ಬಂದವರು ಕೊನೇ ದೊಡ್ಡ ಬಾಣ ಹಾರೋ ಮೊದಲೇ ಸ್ಟೇಷನ್‌ಗೆ ಓಡ್ತಾರಲ್ಲ, ಹಾಗಾಗಿದೆ ನಮ್ಮ ಕಥೆ ಅಂದರು. ಎಲ್ಲರಿಗೂ ಗೊತ್ತಿದ್ದ ರೋಗವೇ. ಇಂಥ ಆಟದಲ್ಲಿ ಮೊದಲ ಹತ್ತು ಗಂಟೆ ಆಡುವವನು ಬಡವ, ಒಂದು ಮದ್ದಿನ ಎಲೆ ಖರ್ಚು ಮಾಡಲೂ ಹೆದರುತ್ತಾನೆ, ಆ ಹೆದರಿಕೆಯಲ್ಲೇ ಮಜಾ, ನಲವತ್ತು ಗಂಟೆಯಾಗುವಷ್ಟರಲ್ಲಿ ಎಲ್ಲ ಆಯುಧವೂ ಅವನದೇ, ವೈರಿಗಳು ಕಳೆ ಕಿತ್ತ ಹಾಗೆ ಬೀಳುತ್ತಾರೆ, ಆಕಳಿಕೆ ಬರುತ್ತದೆ, ಕೋಟೆ ಕಣ್ಣಿಗೆ ಕಾಣುತ್ತಿದ್ದರೂ ನಾಳೆ ಆಡಿದರಾಯಿತು ಎಂದು ಇಡುತ್ತಾನೆ, ಆ ನಾಳೆ ಬರುವುದಿಲ್ಲ. ಕಥೆ ಉದ್ದ ಮಾಡೋಣ ಅಂದ ಒಬ್ಬ, ಹೊಸ ಊರು ಕಟ್ಟೋಣ ಅಂದ ಇನ್ನೊಬ್ಬ, ಎಲ್ಲದಕ್ಕೂ ಆರಾರು ತಿಂಗಳು ಬೇಕು. ಆಗ ಎದ್ದು ನಿಂತದ್ದು ಇಸಾಮು. ಹೊಸದೇನೂ ಬೇಡ, ಕೋಟೆಯ ಕಾವಲುಗಾರರೂ ಆಡುವವನ ಜೊತೆ ಬೆಳೆಯಲಿ, ಅವನು ಒಂದು ಮಟ್ಟ ಏರಿದರೆ ಅವರ ಕತ್ತಿಯ ಮಿನುಗು ಒಂದು ಎಳೆ ಚಿಕ್ಕದಾಗಲಿ, ಎಷ್ಟು ಬಲ ಬಂದರೂ ಕಣ್ಣು ಕೈ ಎಚ್ಚರವಾಗಿರಬೇಕು, ಮೂರು ದಿನದ ಕೆಲಸ. ಕುರಾಮೊತೊ-ಸಾನ್ ಪೆನ್ನಿನ ಮುಚ್ಚಳ ಹಾಕಿದರು, ಅಂದರೆ ಒಪ್ಪಿಗೆ. ಆಫೀಸಿನಲ್ಲಿ ಅದಕ್ಕೆ ಸಾಣೆಕಲ್ಲು ಅಂತ ಹೆಸರು ಬಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅರವತ್ತನೇ ಮಟ್ಟ ದಾಟಿದ ಮೇಲೆ ಮಿನುಗು ಇನ್ನೂ ಬೇಗ ಚಿಕ್ಕದಾಗಲಿ ಎಂದು ಸೇರಿಸಿದವನೂ ಅವನೇ, ಹುಲ್ಲುಗಾವಲಲ್ಲಿ ಸುತ್ತುತ್ತಾ ಕೂತವರನ್ನು ಮುಂದಕ್ಕೆ ತಳ್ಳಬೇಕಲ್ಲ, ಹೊಸದಾಗಿ ಸೇರಿದ್ದ ವಕಾನಾ ಎಂಬ ಹುಡುಗಿ ಕೈ ಎತ್ತಿ ಅಷ್ಟು ಹೊತ್ತು ಸುತ್ತೋರು ಯಾರಿರ್ತಾರೆ ಸಾರ್, ಪಾಪ ಅವ್ರಿಗೆ ತೊಂದ್ರೆ ಆಗಲ್ವಾ ಅಂತ ಕೇಳಿದಳು. ಅಂಥವರು ಬೆರಳೆಣಿಕೆ, ಬೇರೆ ಕೆಲಸ ಇಲ್ಲದೋರು ಅಂದ ಇಸಾಮು. ಎಲ್ಲರೂ ನಕ್ಕರು. ಅವನೂ ನಕ್ಕ. ಈಗ ಈ ಸ್ಟೂಲಿನ ಮೇಲೆ ಕೂತು ಆ ನಗು ಯಾವ ಬಾಯಿಂದ ಬಂತು ಎಂದು ಹುಡುಕುತ್ತಿದ್ದಾನೆ, ಇದೇ ಬಾಯಿ, ಅಮ್ಮ ಕೈಯಲ್ಲಿ ತುತ್ತಿಟ್ಟ ಬಾಯಿ, ಎಂಟು ವರ್ಷದವನು ಸಂಜೆ ಗುಹೆ ದಾಟಲೆಂದು ಮಧ್ಯಾಹ್ನವೆಲ್ಲ ಸುತ್ತು ಹಾಕಿದವಳು ನೆನಪಿಗೇ ಬರಲಿಲ್ಲವೇ, ಬರಲಿಲ್ಲ, ಹಲಗೆಯ ಮೇಲಿನ ಗೆರೆ ಮಾತ್ರ ಕಾಣುತ್ತಿತ್ತು. ಇದು ಹೊರಗೆ ಗೊತ್ತಾದರೆ ಮಜಾ ಹೋಗುತ್ತೆ, ಮನೇಲೂ ಬಾಯಿ ಬಿಡಬೇಡಿ ಅಂದರು ಕುರಾಮೊತೊ-ಸಾನ್. ಆಟ ಗೆದ್ದಿತು. ಕೊನೆಯವರೆಗೂ ಅಂಗೈ ಬೆವರುತ್ತದೆ ಎಂದು ಬರೆದರು ಆಡಿದವರು.

ಹಿಟ್ಟು ಕಾವಲಿಗೆ ಬಿತ್ತು, ಈಗ ಚುರ್ ಎಂದಿತು, ಅಮ್ಮ ಚಮಚದ ಬೆನ್ನಿನಿಂದ ದುಂಡಗೆ ಹರಡುತ್ತಾಳೆ, ಮೇಲೆ ಹಂದಿಮಾಂಸದ ಮೂರು ತೆಳು ಪಟ್ಟಿ, ಗಡಿಯಾರದಲ್ಲಿ ಎರಡು ಇಪ್ಪತ್ತೈದು — ಜುಲೈ ತಿಂಗಳಲ್ಲಿ ಫೋನು ಮಾಡಿದ್ದಳು, ಎಂದೂ ಆಫೀಸಿನ ಹೊತ್ತಿಗೆ ಮಾಡದವಳು. ಇಸಾಮು, ಒಂದು ಮಾತು ಕೇಳ್ಲಾ, ಮೇನಲ್ಲಿ ಐವತ್ತೈದನೇ ಲೆವೆಲ್ಲಿಗೆ ಆ ಮೂವರ ಎದುರು ನಿಂತಿದ್ದೆ, ಇನ್ನೇನು ಗೆದ್ದೆ ಅನ್ನೋ ಹಾಗಿತ್ತು, ಈಗ ಅರವತ್ತೆಂಟಕ್ಕೆ ಏರಿಸಿದೀನಿ, ಒಂದೇಟೂ ತಡೆಯೋಕಾಗ್ತಿಲ್ಲ ಕಣೋ, ಮಿನುಗಿದ್ದು ಕಾಣುತ್ತೆ, ಬೆರಳು ಒತ್ತೋಷ್ಟರಲ್ಲಿ ಮುಗ್ದಿರುತ್ತೆ, ಎರಡೇ ತಿಂಗಳಲ್ಲಿ ಹಿಂಗಾಗುತ್ತಾ? ಪಕ್ಕದ ಮೇಜಿನಲ್ಲಿ ಕುರಾಮೊತೊ-ಸಾನ್ ಕೂತಿದ್ದರು, ಬೇರೆ ನೆಪ ಹೇಳಬಹುದಿತ್ತು, ಆಮೇಲೆ ಮಾಡ್ತೀನಿ ಅನ್ನಬಹುದಿತ್ತು, ಟೀವಿ ಹಳೇದು ಅನ್ನಬಹುದಿತ್ತು, ಸಾವಿರ ಮಾತಿತ್ತು, ಅವನು ನಗುತ್ತಾ ವಯಸ್ಸಾಯ್ತಲ್ಲಮ್ಮ ಅಂದ. ಆ ಕಡೆಯಿಂದ ಹೌದಲ್ವಾ ಅಂದಳು, ನಕ್ಕಳು ಕೂಡ, ಫೋನಿಟ್ಟಳು. ಅಮ್ಮನ ಅಕ್ಕ ಇದೇ ವಯಸ್ಸಿಗೆ ಗ್ಯಾಸ್ ಹಚ್ಚಿಟ್ಟದ್ದು ಮರೆತು ಅಡುಗೆಮನೆ ಸುಟ್ಟುಕೊಂಡಿದ್ದಳು, ಅದು ಅವನಿಗೆ ಗೊತ್ತು, ಆ ದಿನದಿಂದ ಅಮ್ಮ ಬೆಂಕಿಯ ಮುಂದೆ ನಿಲ್ಲುವ ತನ್ನ ಕೈಯನ್ನು ತಾನೇ ಕಾಯುತ್ತಿದ್ದಾಳೆಂದೂ ಗೊತ್ತು, ಗೊತ್ತಿದ್ದೂ. ಮರುದಿನ ಹೇಳೋಣ ಎಂದುಕೊಂಡ, ಮರುವಾರ ಎಂದುಕೊಂಡ, ಅಷ್ಟರಲ್ಲಿ ಅವಳು ಎಪ್ಪತ್ತು, ಎಪ್ಪತ್ತಾರು, ಮಾಡಿದಷ್ಟೂ ಸೋಲು, ಸೋತಷ್ಟೂ ಮತ್ತೆ ಸುತ್ತು, ನವೆಂಬರಿಗೆ ಎಂಬತ್ತಮೂರು, ಆ ಮಟ್ಟದಲ್ಲಿ ಮಿನುಗು ಎಷ್ಟು ಹೊತ್ತು ಇರುತ್ತದೆಂದು ಅವನಿಗೆ ಲೆಕ್ಕ ಹಾಕದೆಯೇ ಗೊತ್ತು, ಸೆಕೆಂಡನ್ನು ಅರವತ್ತು ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು, ಆಫೀಸಿನ ಇಪ್ಪತ್ತರ ಹುಡುಗರೂ ತಡೆಯಲಾರರು, ಅಷ್ಟು ಮೇಲಕ್ಕೆ ಯಾರೂ ಹೋಗುವುದಿಲ್ಲ ಎಂದು ಅಲ್ಲಿ ಪರೀಕ್ಷೆಯನ್ನೇ ಮಾಡಿರಲಿಲ್ಲ.

ನಿನ್ನೆ ಚಿಕಾಕೊ ಅಕ್ಕನ ಫೋನು. ಅಮ್ಮ ಅಂಗಡಿ ಬಿಡ್ತಾಳಂತೆ, ನಾಳೆ ಮೂರಕ್ಕೆ ತಿಳಿಸ್ತಾಳಂತೆ, ಏನೋ ಆಟದಲ್ಲಿ ಕೈ ಓಡ್ತಿಲ್ಲ, ಆಟದಲ್ಲೇ ಓಡದ ಕೈ ಬೆಂಕಿ ಮುಂದೆ ಇರಬಾರ್ದು ಅಂತಾಳೆ, ನಿನ್ನ ಆಟವೇ ಅಂತೆ ಕಣೋ, ಪುಣ್ಯ ಕಟ್ಕೊಂಡೆ, ಹತ್ತು ವರ್ಷದಿಂದ ಬಿಡು ಬಿಡು ಅಂತ ನಾನು ಬಾಯಿ ಬಡ್ಕೊಂಡ್ರೂ ಕೇಳ್ಲಿಲ್ಲ. ಅಕ್ಕನಿಗೆ ಸಂತೋಷ. ಅವನಿಗೂ ಒಂದು ಗಳಿಗೆ, ಒಂದೇ ಗಳಿಗೆ, ಹಾಯೆನ್ನಿಸಿತು, ಹೇಗೂ ವಯಸ್ಸಾಗಿದೆ, ಹೇಗೂ ಒಂದು ದಿನ ಬಿಡಬೇಕು, ಮಂಡಿ ನೋವು, ಬೆಳಗ್ಗೆ ಎದ್ದು ಕೋಸು ಕೊಚ್ಚುವುದು ತಪ್ಪುತ್ತದೆ, ಒಳ್ಳೆಯದೇ ಆಯಿತಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರಿಗೂ ಒಳ್ಳೆಯದೇ — ರಾತ್ರಿಯೆಲ್ಲ ಆ ಹಾಯೆನ್ನಿಸಿದ್ದೇ ಎದೆಯ ಮೇಲೆ ಕೂತಿತ್ತು. ಬಿಡುವುದಾದರೆ ಬಿಡಲಿ, ಸಾಕೆನಿಸಿ ಬಿಡಲಿ, ಇಲ್ಲದ ರೋಗಕ್ಕೆ ಹೆದರಿ ಬಿಡುವುದು ಬೇಡ, ಅದೂ ಅವನು ಹಚ್ಚಿದ ರೋಗಕ್ಕೆ.

ಹೇಳು. ಈಗ ಹೇಳು. ಅಂಚು ಕಂದು ತಿರುಗುತ್ತಿದೆ, ಮಗುಚುವ ಹೊತ್ತು, ಅಮ್ಮ ಎರಡು ಕೈಗೂ ಒಂದೊಂದು ಸಟ್ಟುಗ ತೆಗೆದುಕೊಂಡಳು, ಸಾವಿರಾರು ಸಲ ನೋಡಿದ್ದಾನೆ, ಗಿರಾಕಿಯ ಜೊತೆ ಬೇಸ್‌ಬಾಲ್ ಬಗ್ಗೆ ಜಗಳವಾಡುತ್ತಾ, ಮುಖ ಆ ಕಡೆ, ಕೈ ಈ ಕಡೆ, ತಟ್ ಎಂದು ತಿರುಗಿ ಬೀಳುತ್ತದೆ, ಒಂದು ಎಳೆ ಕೋಸು ಆಚೆ ಹೋಗುವುದಿಲ್ಲ, ಎರಡು ಸಟ್ಟುಗವೂ ಅಡಿಗೆ ಹೋದವು, ಮತ್ತೆ — ನಿಂತಳು. ಸಟ್ಟುಗ ಹಾಗೇ ಹಿಡಿದು ತನ್ನ ಬಲಗೈಯನ್ನು ನೋಡಿದಳು. ಬೇರೆ ಯಾರದೋ ಕೈ ನೋಡುವ ಹಾಗೆ, ಹೊಸದಾಗಿ ಕೆಲಸಕ್ಕೆ ಬಂದವನ ಕೈ, ಇವನ ಕೈಲಾಗುತ್ತದೋ ಇಲ್ಲವೋ ಎಂದು ಯಜಮಾನಿ ನೋಡುವ ಹಾಗೆ. ಆಮೇಲೆ ಮಗುಚಿದಳು, ಅರ್ಧ ತಿರುಗಿ ಮುರಿಯಿತು, ಕೋಸು ಕಾವಲಿಯ ಮೇಲೆಲ್ಲ ಚೆಲ್ಲಿ ಚಟಪಟ. ನೋಡಿದ್ಯಾ, ನಿನಗೂ ಕಾಣಿಸ್ತಲ್ಲ ಅಂದಳು, ಬೇಜಾರಿಲ್ಲದೆ, ತುಂಡುಗಳನ್ನು ಒಟ್ಟು ಮಾಡುತ್ತಾ, ಈ ತಿಂಗಳಲ್ಲಿ ಇದು ಐದನೇದು, ಟ್ಯಾಕ್ಸಿ ಓಡಿಸೋ ನಕಾತ್ಸುಜಿ-ಸಾನ್ ಗೊತ್ತಲ್ಲ, ಅವನಂತೂ ಮುರಿದದ್ದಕ್ಕೆ ಅರ್ಧ ರೇಟಾ ಅಂತ ಕೇಳ್ದ, ನಿನ್ನ ಟ್ಯಾಕ್ಸಿ ಗುದ್ದಿಸ್ಕೊಂಡಾಗ ನಾನು ಅರ್ಧ ರೇಟು ಕೇಳಿದ್ನಾ ಅಂದೆ. ನಕ್ಕಳು. ಅವನಿಗೆ ನಗು ಬರಲಿಲ್ಲ, ಕೈ ನಿಧಾನವಾದ್ದರಿಂದ ಮುರಿದದ್ದಲ್ಲ ಅದು, ಮಗುಚುವ ನಡುವೆ ನಿಲ್ಲಿಸಬಾರದ ಕಡೆ ನಿಲ್ಲಿಸಿ ಕೈಯನ್ನು ನೋಡಿದ್ದಕ್ಕೆ ಮುರಿದದ್ದು, ನೋಡುವ ಹಾಗೆ ಮಾಡಿದವನು ಇಲ್ಲಿ ಕೂತಿದ್ದಾನೆ.

ಅಮ್ಮ, ಆ ಸೇತುವೆ ಮೇಲಿನ ಮೂವರು, ಅಂದ ಇಸಾಮು. ಬಾಯಿಂದ ಬಂದೇ ಹೋಯಿತು. ಅವರ ವಿಷ್ಯ ಬಿಡು, ಅವರಿಗೆ ನಾನು ಸೋತೆ ಅಂದಳು ಅಮ್ಮ. ನಿನ್ನ ಕೈ ನಿಧಾನ ಆಗಿಲ್ಲಮ್ಮ, ಅವ್ರು ಬೇಗ ಆಗಿದಾರೆ, ನೀನು ಒಂದು ಲೆವೆಲ್ ಏರಿಸ್ದಾಗೆಲ್ಲ ಅವ್ರ ಕತ್ತಿ ಮಿನುಗೋದು ಕಡಿಮೆಯಾಗುತ್ತೆ, ಅರವತ್ತು ದಾಟಿದ್ಮೇಲಂತೂ ಯಾರ ಕೈಲೂ ಆಗಲ್ಲ, ಹಾಗೆ ಮಾಡಿಟ್ಟಿರೋದು, ನಾನೇ ಮಾಡಿಟ್ಟಿರೋದು. ಅಮ್ಮ ಸಟ್ಟುಗದ ಅಂಚಿನಿಂದ ಕಾವಲಿ ಕೆರೆಯುತ್ತಿದ್ದಳು, ಕೆರೆಯುವುದು ನಿಲ್ಲಿಸಲಿಲ್ಲ, ಕರಕಲನ್ನು ಮೂಲೆಯ ತೂತಿಗೆ ತಳ್ಳಿದಳು, ಎಣ್ಣೆ ಒರೆಸಿದಳು, ಆಮೇಲೆ ತಲೆ ಎತ್ತದೆಯೇ, ಅಂದ್ರೆ ನಾನು ದುಡಿದಷ್ಟೂ ಅವ್ರಿಗೇ ಹೋಯ್ತು ಅಂದಳು. ಹೂಂ ಅಂದ. ಜುಲೈನಲ್ಲಿ ನಾನು ಕೇಳ್ದಾಗ ನಿನಗಿದು ಗೊತ್ತಿತ್ತಾ?

ಗೊತ್ತಿತ್ತು.

ಗೊತ್ತಿದ್ದೂ ವಯಸ್ಸಾಯ್ತು ಅಂದೆ.

ಅಂದೆ, ಅಂದ ಇಸಾಮು, ತಪ್ಪಾಯ್ತು ಎಂಬ ಮಾತೂ ಬಂತು, ಬಹಳ ಸಣ್ಣದಾಗಿ ಬಂತು, ಕಾವಲಿಯ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ — ಬೈಯಲಿ, ಆ ಸಟ್ಟುಗ ಎತ್ತಿ ಹೊಡೆಯಲಿ, ಚಿಕ್ಕವನಿದ್ದಾಗ ಹಿಡಿಯಿಂದ ತಲೆಗೆ ಕುಟ್ಟುತ್ತಿದ್ದಳಲ್ಲ ಹಾಗೆ ಕುಟ್ಟಲಿ, ಅವಳು ಕುಟ್ಟಲಿಲ್ಲ, ಏಪ್ರನ್ನಿಗೆ ಕೈ ಒರೆಸಿಕೊಂಡು ಹೋಗಿ ಗೋಡೆಯ ಫೋನು ತೆಗೆದಳು, ಇನ್ನೂ ಎರಡು ಮುಕ್ಕಾಲು, ಹೇಳಿದ್ದು ದಂಡವಾಯಿತು, ಬಿಟ್ಟುಕೊಡುತ್ತಾಳೆ, ಸಿಟ್ಟಿಗೇ ಬಿಟ್ಟುಕೊಡುತ್ತಾಳೆ, ಸಂಘದ ಅಧ್ಯಕ್ಷನ ನಂಬರು ಒತ್ತಿದಳು, ಕುರೊಕಾವಾ-ಸಾನ್, ನಾನು ಫುಸಾಎ, ಆ ರಿಪೇರಿ ಹುಡುಗನಿಗೆ ಬೇರೆ ಜಾಗ ನೋಡ್ಬಿಡಿ, ಹೌದು, ಬಿಡೋದಿಲ್ಲ, ಯಾಕೆ ಅಂದ್ರೆ ಏನು ಹೇಳ್ಲಿ, ನನ್ನ ಮಗ ಆಟ ಕಟ್ಟೋನಲ್ವಾ, ಅವನು ಬಂದು ನನ್ನ ಕೈ ನೆಟ್ಟಗಿದೆ ಅಂತ ಸರ್ಟಿಫಿಕೇಟ್ ಕೊಟ್ಟಿದಾನೆ, ಫೀಸಿಗೆ ಒಂದು ಊಟ ಹಾಕ್ತಿದೀನಿ. ಫೋನಿಟ್ಟಳು. ಅಷ್ಟೇ. ಎಷ್ಟು ಸುಲಭ, ನಾಲ್ಕು ತಿಂಗಳು ಹೊತ್ತದ್ದು ಎರಡು ಮಾತಿಗೆ ಇಳಿಯಿತು, ಅವನ ಕಣ್ಣು ಒದ್ದೆಯಾಯಿತು, ಹೊಗೆ ಎಂದು ಒರೆಸಿಕೊಂಡ, ನಾಳೆಯೇ ಕುರಾಮೊತೊ-ಸಾನ್ ಹತ್ತಿರ ಹೋಗಬೇಕು, ಅರವತ್ತರ ಮೇಲಿನ ಆ ತಿರುಪು ತೆಗೆಯೋಣ ಅನ್ನಬೇಕು, ಬೆರಳೆಣಿಕೆಯವರಿಗಾಗಿಯಾ ಅಂದರೆ ಹೌದು ಅನ್ನಬೇಕು, ಒಂದು ಅಂಕಿ ಬದಲಿಸಿದರೆ ಸಾಕು, ಗುರುವಾರದೊಳಗೆ ಎಲ್ಲರ ಪೆಟ್ಟಿಗೆಗೂ ಹೋಗುತ್ತದೆ, ಅಮ್ಮ ಎಂಬತ್ತಮೂರಕ್ಕೆ ಆ ಮೂವರನ್ನು ಹುಲ್ಲಿನ ಹಾಗೆ ಕೊಯ್ದು ದಾಟುತ್ತಾಳೆ, ಹೆಸರು ಮೇಲಕ್ಕೆ ಹೋಗುತ್ತದೆ.

ಇನ್ನೊಂದು ಹಾಕ್ತೀನಿ, ಮುರಿದದ್ದು ನನಗಿರ್ಲಿ ಅಂದಳು ಅಮ್ಮ. ಮತ್ತೆ ಬಟ್ಟಲು, ಮೊಟ್ಟೆ, ಟಕಟಕ, ಅವಳ ದನಿಯಲ್ಲಿ ಹಳೆಯ ಗಡಸು ಬಂದಿದೆ, ಏನೋ ಹೇಳುತ್ತಿದ್ದಾಳೆ, ಅಮ್ಮನನ್ನೇ ಸೋಲಿಸೋ ಆಟ ಮಾಡಿದೋನು ಇಡೀ ಒಸಾಕಾದಲ್ಲಿ ನೀನೊಬ್ಬನೇ ಇರ್ಬೇಕು, ಅಕ್ಕನಿಗೆ ನೀನೇ ಫೋನು ಮಾಡಿ ಹೇಳು, ಬೈಗುಳ ನೀನೇ ತಿನ್ನು, ಇವನು ಹೂಂ ಹೂಂ ಅನ್ನುತ್ತಾನೆ, ಚುರ್ ಎಂದಿತು, ದುಂಡಗೆ ಹರಡಿತು, ಅಂಚು ಬಿಳಿಯಿಂದ ಹಳದಿ, ಹಳದಿಯಿಂದ ಕಂದು, ಈಗ ಮಗುಚುತ್ತಾಳೆ, ಈಗ ಎಲ್ಲ ಸರಿ, ಕಾರಣ ಗೊತ್ತಾಗಿದೆ, ಕೈಯ ತಪ್ಪಲ್ಲವೆಂದು ಗೊತ್ತಾಗಿದೆ, ಮಾತಾಡುತ್ತಲೇ ಎರಡು ಸಟ್ಟುಗ ಎತ್ತಿಕೊಂಡಳು, ಮಾತಾಡುತ್ತಲೇ ಅಡಿಗೆ ತೂರಿಸಿದಳು, ಮಾತು ನಿಂತಿತು — ಸಟ್ಟುಗ ಹಾಗೇ ಹಿಡಿದು, ಮತ್ತೆ ಆ ಹೊಸಬನ ಕೈ ನೋಡುವ ಹಾಗೆ, ತನ್ನ ಬಲಗೈಯನ್ನು ನೋಡುತ್ತಿದ್ದಾಳೆ, ಸೆಕೆಂಡಿನ ಅರವತ್ತರಲ್ಲಿ ನಾಲ್ಕು ಪಾಲು ಕಳೆಯಿತು, ಎಂಟು ಪಾಲು, ಇಪ್ಪತ್ತು, ಅಡಿಯಲ್ಲಿ ಹಿಟ್ಟು ಹತ್ತುತ್ತಿದೆ, ನೋಡುತ್ತಿದ್ದಾಳೆ, ಮಗುಚಮ್ಮಾ, ಕೈಯನ್ನು ನೋಡುತ್ತಿದ್ದಾಳೆ.